ಪಕ್ಕದ ಮನೆಯ ಕೂಗು ಮೊದಲು ಕೇಳಬಾರದು: ಡಿಶ್, ಕೇಬಲ್, ಆ್ಯಪ್ ಹೋಲಿಕೆ

2024ರ ಜೂನ್ 29ರ ರಾತ್ರಿ, ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರು. ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕು. ಮೊದಲ ಎಸೆತದಲ್ಲೇ ಮಿಲ್ಲರ್ ಎತ್ತಿ ಹೊಡೆದ ಚೆಂಡನ್ನು ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಹಿಡಿದರು. ಇಂಥ ಗಳಿಗೆಯನ್ನು ಆ್ಯಪ್‌ನಲ್ಲಿ ನೋಡುವ ಮನೆಗೆ, ಬೌಲರ್ ಓಟ ಶುರುಮಾಡುವ ಮೊದಲೇ ಬೀದಿಯ ಕೂಗು, ಪಟಾಕಿ ಎಲ್ಲಾ ಕೇಳಿಬಿಡುತ್ತದೆ. ಮನೆಮಂದಿಯೆಲ್ಲ ಕೂತು ನೋಡುವಾಗ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಆದ್ದರಿಂದ ಚಿತ್ರದ ಸ್ಪಷ್ಟತೆಗಿಂತ ಮೊದಲು ನೋಡಬೇಕಾದದ್ದು ತಡ ಎಷ್ಟು, ಮಳೆಗೆ ಏನಾಗುತ್ತದೆ, ಕರೆಂಟ್ ಹೋದರೆ ಏನಾಗುತ್ತದೆ ಎಂಬುದು.

ತಡ ಅಳೆಯುವುದು ಸುಲಭ. ಒಂದೇ ಪಂದ್ಯವನ್ನು ಟಿವಿಯಲ್ಲೂ ಆ್ಯಪ್‌ನಲ್ಲೂ ಹಾಕಿ. ಟಿವಿಯಲ್ಲಿ ಚೆಂಡು ಬೌಲರ್ ಕೈ ಬಿಟ್ಟಾಗ ಸ್ಟಾಪ್‌ವಾಚ್ ಒತ್ತಿ, ಆ್ಯಪ್‌ನಲ್ಲಿ ಅದೇ ಚೆಂಡು ಬಂದಾಗ ನಿಲ್ಲಿಸಿ. ಹೀಗೆ ಹೋಲಿಸಿದರೆ ಡಿಟಿಎಚ್‌ಗೂ (ಮನೆಯ ಡಿಶ್) ಕೇಬಲ್‌ಗೂ ಇರುವ ಅಂತರ ಕೆಲವೇ ಸೆಕೆಂಡು. ಆ್ಯಪ್ ಮಾತ್ರ ಸಾಮಾನ್ಯವಾಗಿ 20ರಿಂದ 40 ಸೆಕೆಂಡು ಹಿಂದೆ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಸೆಕೆಂಡಿನ ಕಾಲು ಭಾಗ ಸಾಕು. ಆ್ಯಪ್ ಆದರೋ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಮೂರ್ನಾಲ್ಕು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುತ್ತದೆ. ಊಟ ಬಡಿಸಲೆಂದು ಎರಡು ನಿಮಿಷ ತಡೆದು ನಿಲ್ಲಿಸಿದರೆ (ಪಾಜ್) ಆ ಎರಡು ನಿಮಿಷವೂ ತಡಕ್ಕೆ ಸೇರುತ್ತದೆ. ಮತ್ತೆ ‘ಲೈವ್’ ಗುಂಡಿ ಒತ್ತುವವರೆಗೆ ಅದು ಹೋಗುವುದಿಲ್ಲ. ಆ್ಯಪ್‌ನಲ್ಲೇ ನೋಡುವುದಾದರೆ ಮನೆಯ ಎಲ್ಲರ ಫೋನಿನಲ್ಲೂ ಸ್ಕೋರ್ ನೋಟಿಫಿಕೇಶನ್ ಮತ್ತು ಕುಟುಂಬದ ವಾಟ್ಸಾಪ್ ಗುಂಪಿನ ಸದ್ದು ಆರಿಸಿಡಿ.

ಹಾಗಂತ ಡಿಶ್ ನಿಶ್ಚಿಂತೆ ಎನ್ನುವಂತಿಲ್ಲ. ಐಪಿಎಲ್ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೆಂಗಳೂರಿಗೆ ಗುಡುಗು ಮಳೆ ಹೊಯ್ಯುವುದೂ ಅದೇ ತಿಂಗಳುಗಳ ಸಂಜೆಗೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಾಂತರ ಪಟ್ಟಿಯ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು. ದಪ್ಪ ಹನಿಯ ಮಳೆ ಅದನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಜೋರು ಮಳೆಗೆ ಕೆಲವು ನಿಮಿಷ ಚಿತ್ರ ಹೋದರೆ ಅದು ಸಹಜ. ತುಂತುರಿಗೇ ಹೋದರೆ ದೋಷ ನಿಮ್ಮ ಚಾವಣಿಯ ಮೇಲಿದೆ. ಒಣ ಹವೆಯಲ್ಲಿ ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ‘ಕ್ವಾಲಿಟಿ’ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ (‘ಸ್ಟ್ರೆಂತ್’ ಅಲ್ಲ, ಅದು ಮೋಸಗೊಳಿಸುತ್ತದೆ). ಅದು ಕಡಿಮೆಯಿದ್ದರೆ ಡಿಶ್ ಕೂದಲೆಳೆಯಷ್ಟು ತಿರುಗಿರುತ್ತದೆ, ಇಲ್ಲವೇ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಪೆಟ್ಟಿಗೆ) ಕೇಬಲ್ ಸೇರಿಸುವ ಎಫ್ ಕನೆಕ್ಟರಿನೊಳಗೆ ನೀರು ಹೊಕ್ಕು ತಾಮ್ರ ಹಸಿರುಗಟ್ಟಿರುತ್ತದೆ. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ, ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಹೋಗುವ ಮೊದಲು ಕೆಳಕ್ಕೊಂದು ಕುಣಿಕೆ ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇದನ್ನು ಮಾರ್ಚ್‌ನಲ್ಲೇ ಮಾಡಿ ಮುಗಿಸಿ. ಮಳೆಯಲ್ಲಿ ಚಾವಣಿ ಹತ್ತುವುದು ಬೇಡವೇ ಬೇಡ.

ತಿಂಗಳ ಬಾಡಿಗೆಯೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಅದು ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರಿನಿಂದ ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಎತ್ತರಕ್ಕೆ. ಅಷ್ಟು ಎತ್ತರದಲ್ಲಿರುವುದರಿಂದ ಎದುರುಮನೆಗೆ ಇನ್ನೊಂದು ಮಹಡಿ ಎದ್ದರೂ ಸಾಮಾನ್ಯವಾಗಿ ಅಡ್ಡಬರದು, ತೆಂಗಿನ ಗರಿ ಮಾತ್ರ ಬರಬಹುದು. ಕ್ರೀಡಾ ಪ್ರಸಾರವನ್ನು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕೆನ್ನುವ 2007ರ ಕಾಯ್ದೆಯ ಪ್ರಕಾರ ವಿಶ್ವಕಪ್‌ನ ಭಾರತದ ಪಂದ್ಯಗಳು, ಸೆಮಿಫೈನಲ್, ಫೈನಲ್ ಡಿಡಿಗೆ ಸಿಗುತ್ತವೆ. ಐಪಿಎಲ್ ಆ ಪಟ್ಟಿಯಲ್ಲಿಲ್ಲ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಹಾಗೆ ಪಡೆದ ಪ್ರಸಾರವನ್ನು ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಕೊಡುವಂತಿಲ್ಲ. ಆದ್ದರಿಂದ ಕೇಬಲ್‌ನಲ್ಲಿ ಡಿಡಿ ಇದೆಯಲ್ಲ ಎಂದು ನಂಬಿ ಫೈನಲ್ ದಿನ ಕೂರಬೇಡಿ. ಕನ್ನಡ ಕಾಮೆಂಟರಿ ಬೇಕೆಂದರೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿ ಇರುವ ಪ್ಯಾಕೇಜ್ ತೆಗೆದುಕೊಳ್ಳಿ. ಅಜ್ಜ ಅಜ್ಜಿ ಇರುವ ಮನೆಯಲ್ಲಿ ನಮ್ಮ ಮೊದಲ ಆಯ್ಕೆ ಅದೇ.

ಮಳೆಗೆ ಕೇಬಲ್ ಗಟ್ಟಿ, ಕರೆಂಟಿಗೆ ದುರ್ಬಲ. ಬೀದಿಯಲ್ಲಿ ಸಿಗ್ನಲ್ ಬಲಪಡಿಸುವ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕು. ನಿಮ್ಮ ಇನ್ವರ್ಟರ್ ನಡೆಯುತ್ತಿದ್ದರೂ ಆಂಪ್ಲಿಫೈಯರ್ ಆರಿದರೆ ಪರದೆ ಕಪ್ಪು. ಫೈಬರ್ ಇಂಟರ್‌ನೆಟ್ ಕೊಳ್ಳುವಾಗಲೂ ಇದನ್ನೇ ಕೇಳಿ: ಜಿಪಾನ್ (ಮನೆಯವರೆಗೂ ಬರಿ ಫೈಬರ್ ಎಳೆಯುವ ಬಗೆ, ಜಿಪಿಒಎನ್) ಆದರೆ ನಡುದಾರಿಯಲ್ಲಿ ಕರೆಂಟ್ ಬೇಡುವ ಪೆಟ್ಟಿಗೆ ಇರುವುದಿಲ್ಲ, ಕಂಬದ ಮೇಲೆ ಸ್ವಿಚ್ ಇಟ್ಟವರದ್ದು ಬೆಸ್ಕಾಂ ಜತೆಗೇ ಹೋಗುತ್ತದೆ. ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಅಡಾಪ್ಟರಿನ ಮೇಲಿನ ಆಂಪಿಯರ್ ಮತ್ತು ಪಿನ್ ಗಾತ್ರ ಹೊಂದಬೇಕು. ಟಿವಿಗೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದರೆ ಅರ್ಧ ತೊಂದರೆ ತೀರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಬೇಡಿ: ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ದಿನದ 2 ಜಿಬಿ ಪವರ್‌ಪ್ಲೇ ಮುಗಿದು ಸ್ವಲ್ಪ ಹೊತ್ತಿಗೇ ಖಾಲಿ.

ತಾರಸಿಯ ಪ್ರೊಜೆಕ್ಟರ್ ಕತ್ತಲಾದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ, ಸದ್ದು ಚಿತ್ರಕ್ಕಿಂತ ಹಿಂದೆ ಬೀಳದಂತೆ ಬ್ಲೂಟೂತ್ ಬದಲು ತಂತಿಯ ಸ್ಪೀಕರ್ ಹಾಕಬೇಕು, ರಾತ್ರಿ 10ಕ್ಕೆ ಸದ್ದು ಇಳಿಸಬೇಕು.

ಮತ ಎಣಿಕೆಯ ದಿನ ಲೆಕ್ಕವೇ ತಿರುಗುತ್ತದೆ. ಅಂದು 30 ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಓದಲು ಬರುವ ಅಕ್ಷರ, ನಂಬಬಹುದಾದ ಅಂಕಿ ಮುಖ್ಯ. ದೊಡ್ಡ ಟಿವಿಯಲ್ಲಿ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ಸುದ್ದಿ ವಾಹಿನಿ ಹಾಕಿದರೆ ಕೆಳಗೋಡುವ ಸಾಲಿನ ಒತ್ತಕ್ಷರಗಳು ಕಲಸಿಹೋಗುತ್ತವೆ. ಅದೇ ವಾಹಿನಿಯ ಯೂಟ್ಯೂಬ್ ನೇರಪ್ರಸಾರ ಎಚ್‌ಡಿಯಲ್ಲಿದ್ದರೆ ಅದೇ ಮೇಲು, ಹಿಂದಕ್ಕೆ ಎಳೆದೂ ನೋಡಬಹುದು. ಬೆಳಿಗ್ಗೆ 8ಕ್ಕೆ ಅಂಚೆ ಮತ, 8.30ರಿಂದ ಮತಯಂತ್ರ. ಸಾಮಾನ್ಯವಾಗಿ 14 ಮೇಜು, ಅಂದರೆ ಒಂದು ಸುತ್ತಿಗೆ 14 ಮತಗಟ್ಟೆ. 250 ಮತಗಟ್ಟೆಯ ಕ್ಷೇತ್ರಕ್ಕೆ 18 ಸುತ್ತು. ಮೂರನೇ ಸುತ್ತಿನ ‘ಮುನ್ನಡೆ’ ನೋಡಿ ಮನೆಯಲ್ಲಿ ಜಗಳ ಶುರುವಾಗುವುದು ಈ ಲೆಕ್ಕ ಗೊತ್ತಿಲ್ಲದೆ. ವಾಹಿನಿಯ ಅಂಕಿ ಬೇಗ ಬರುತ್ತದೆ, ಚುನಾವಣಾ ಆಯೋಗದ ಫಲಿತಾಂಶ ಜಾಲತಾಣದ್ದು ನಿಧಾನ ಆದರೆ ಖಚಿತ. ಟಿವಿಯ ಸದ್ದು ತಗ್ಗಿಸಿ, ಟ್ಯಾಬ್ಲೆಟ್‌ನಲ್ಲಿ ನಿಮ್ಮ ಕ್ಷೇತ್ರದ ಸುತ್ತುವಾರು ಪುಟ ತೆರೆದು ನಡುವೆ ಇಡಿ, ಚಾರ್ಜರ್ ಹತ್ತಿರವೇ ಇರಲಿ. 2023ರ ಮೇ 13ರಂದು ಜಯನಗರ ಕ್ಷೇತ್ರ ಮರು ಎಣಿಕೆಯಾಗಿ 16 ಮತಗಳಿಂದ ತೀರ್ಮಾನವಾದಾಗ ರಾತ್ರಿ ಬಹಳ ಹೊತ್ತಾಗಿತ್ತು.