ಸ್ಟೇಷನ್ ಚಿನ್ನ, ಅದರ ವೈರ್ ಮಾತ್ರ ಶನಿ

ಈ 936 ಮಾದರಿಯ ಸೋಲ್ಡರಿಂಗ್ ಸ್ಟೇಷನ್, ಅಂದರೆ ಬೆಸುಗೆ ಹಾಕುವ ಐರನ್ ಮತ್ತು ಅದರ ಬಿಸಿ ಹೊಂದಿಸುವ ಪೆಟ್ಟಿಗೆ, ಮೂರು ವರ್ಷದಿಂದ ನನ್ನ ಮೇಜಿನ ಮೇಲಿದೆ. ವ್ಯಾಟ್, ಡಿಗ್ರಿ ಎಲ್ಲ ಡಬ್ಬದ ಮೇಲೇ ಇದೆ, ಓದಿಕೊಳ್ಳಿ. ನನ್ನ ಗೋಳು ಪೆಟ್ಟಿಗೆಯಿಂದ ಐರನ್ ಹಿಡಿಗೆ ಬರುವ ವೈರ್‌ನದು.

ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗದಷ್ಟು ಬಿರುಸು. ಡಬ್ಬದಲ್ಲಿದ್ದಾಗಿನ ಸುರುಳಿ ಬಿಡಲೇ ಇಲ್ಲ. ಮೊದಲ ತಿಂಗಳಲ್ಲೇ ಗೆಳೆಯನ ಗಿಟಾರ್‌ಗೆ ಜಾಕ್ ಬದಲಿಸುತ್ತಿದ್ದೆ. ಬೆಸುಗೆಯ ಲೆಡ್ ತಂತಿ ತಗೊಳ್ಳಲು ಆಚೆ ತಿರುಗಿದೆ, ಅಷ್ಟೇ. ವೈರ್ ತಿರುಚಿಕೊಂಡು ಐರನ್ನನ್ನೇ ಸ್ಟ್ಯಾಂಡ್‌ನಿಂದ ಎಳೆದು ಹಾಕಿತು. ಹೊಳೆಯುವ ಕಪ್ಪು ಪಾಲಿಶ್ ಮೇಲೆ ಕಡಲೆಕಾಳಿನಷ್ಟು ಗುಳ್ಳೆ. ಅವನು ಏನೂ ಅನ್ನಲಿಲ್ಲ, ಅದೇ ಕಷ್ಟ. ಅಂದಿನಿಂದ ಯಾವ ಗಿಟಾರ್ ಬಂದರೂ ಮೊದಲು ಹಳೇ ಬನಿಯನ್ ಹೊದಿಸಿ, ಮೇಲೆ ರಟ್ಟು ಇಡುತ್ತೇನೆ.

ಅಂಗಡಿಯವನು, "ವೈರ್ ಕೆಲಸ ಮಾಡ್ತಿದೆಯಲ್ಲ ಸಾರ್" ಅಂದ. ಮಾತು ನಿಜವೇ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಐದು ಎಳೆಯ ಸಿಲಿಕೋನ್ ಕೇಬಲ್ ತಂದೆ. ಎರಡು ಎಳೆ ಹೀಟರ್‌ಗೆ, ಎರಡು ಸೆನ್ಸರ್‌ಗೆ, ಒಂದು ಅರ್ಥ್‌ಗೆ. ಆದರೆ ಈ ಐರನ್‌ನ ವೈರನ್ನು ಇದೇ ಐರನ್‌ನಿಂದ ಸೋಲ್ಡರ್ ಮಾಡಲಾಗದು, ಅಲ್ವಾ? ಅಟ್ಟದಿಂದ ಹಳೇ 25 ವ್ಯಾಟ್‌ನದನ್ನು ಇಳಿಸಿದೆ.

ಈಗ ಕೇಬಲ್ ದಾರದ ಹಾಗೆ ಬಾಗುತ್ತದೆ, ಬಿಸಿ ತುದಿ ತಾಗಿದರೂ ಕರಗುವುದಿಲ್ಲ. ಸ್ಟೇಷನ್ ಎಷ್ಟು ಚೆನ್ನಾಗಿದೆ ಎಂದು ಗೊತ್ತಾಗಿದ್ದೇ ಆಮೇಲೆ. ಗಿಟಾರ್‌ನ ದನಿ ಏರಿಳಿಸುವ ಗುಂಡಿಯ ಕೆಳಗಿನ ಭಾಗ, ಅಂದರೆ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಅರ್ಥ್ ವೈರ್ ಕೂರಿಸುವುದು ದೊಡ್ಡ ತಲೆನೋವು. ಆ ತಗಡು ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಹಳೇ ಐರನ್ನನ್ನು ಒತ್ತಿ ಹಿಡಿದು ಕೂತರೆ ಒಳಗಿನ ಕಾರ್ಬನ್ ಪಟ್ಟಿಯೇ ಬೆಂದು ಕರಕರ ಶುರು. ಇದಕ್ಕೆ ಉಳಿಯಾಕಾರದ ತುದಿ ಹಾಕಿ, ಪಾಟ್‌ನ ಬೆನ್ನು ಉಜ್ಜಿ, 380 ಡಿಗ್ರಿಗೆ ಇಟ್ಟರೆ ಮೂರು ಎಣಿಸುವಷ್ಟರಲ್ಲಿ ಲೆಡ್ ತುಪ್ಪದ ಹಾಗೆ ಹರಡುತ್ತದೆ. ಜೊತೆಗೆ ಕೊಡುವ ಮೊನಚು ತುದಿ ಗಿಟಾರ್ ದನಿ ಬದಲಿಸುವ ಪೆಡಲ್‌ಗಳ ಸಣ್ಣ ಕೆಲಸಕ್ಕೆ ಆದೀತು.

ಸಂಜೆ ಸ್ವಿಚ್ ಹಾಕಿ ಕಾಫಿ ಬೆರೆಸಿಕೊಂಡು ಬರುತ್ತೇನೆ. ಅಷ್ಟರಲ್ಲಿ ಬಿಸಿಯಾಯಿತೆಂದು ದೀಪ ಮಿಣುಕುತ್ತಿರುತ್ತದೆ. ಒರೆಸಲು ಇಟ್ಟ ಹಿತ್ತಾಳೆ ನಾರಿನಲ್ಲಿ ತುದಿಯನ್ನು ಎರಡು ಸಲ ಚುಚ್ಚಿದಾಗಿನ ಆ ಸರಕ್ ಸದ್ದು ಕೇಳಲು ಸುಮ್ನೆ ಮೂರನೇ ಸಲವೂ ಚುಚ್ಚುತ್ತೇನೆ. ಗಾಜಿನ ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್ ಬಂದ ದಿನ ಮಾತ್ರ ಕಾಫಿ ಆಮೇಲೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 300-400 ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡದೆ ಕೈ ಹಾಕುವುದಿಲ್ಲ. ರಾತ್ರಿ ಆರಿಸುವ ಮೊದಲು ತುದಿಗೆ ಹೊಸ ಲೆಡ್ ಮೆತ್ತುತ್ತೇನೆ. ಮೂರು ವರ್ಷಕ್ಕೆ ಎರಡೇ ತುದಿ ಸವೆದಿವೆ.

ಐದಕ್ಕೆ ನಾಲ್ಕು. ಕೈಯಲ್ಲಿ ಕಾಸು ಜಾಸ್ತಿ ಇದ್ದರೆ ಸಿಲಿಕೋನ್ ಕೇಬಲ್ ಇರುವುದನ್ನೇ ತಗೊಳ್ಳಿ. ಇಲ್ಲವಾದರೆ ಇದೇ ಸಾಕು, ಹಳೇ ಐರನ್ ಮಾತ್ರ ಗುಜರಿಗೆ ಹಾಕಬೇಡಿ.