ಬಳ್ಳಾರಿಯಾಗ ತಗೊಂಡ ಸ್ಪೈಕ್ಸ್: ಶೂ ಚಲೋ, ಪಿನ್ನಿಂದ ಫಜೀತಿ

ಅಕ್ಕನ ಮಗಳು 400 ಮೀಟರ್ ಓಡ್ತಾಳ, ಓಟಗಾರ್ತಿ ಪ್ರಿಯಾ ಮೋಹನ್ ಅಂದ್ರ ಹುಚ್ಚು ಅಕಿಗೆ. ಪ್ರಿಯಾ ನಮ್ಮ ಕರ್ನಾಟಕದ ಹುಡುಗಿ ನೋಡ್ರಿ, 2021ರಾಗ ನೈರೋಬಿ ಅಂಡರ್-20 ವರ್ಲ್ಡ್ ಚಾಂಪಿಯನ್‌ಶಿಪ್‌ನಾಗ 4x400 ಮಿಕ್ಸ್ಡ್ ರಿಲೇ (ಹುಡುಗರು ಹುಡುಗ್ಯಾರು ಕೂಡಿ ಓಡೋದು) ಟೀಮಿನಾಗ ಕಂಚು, ಮುಂದಿನ ವರ್ಷ ಕೊಲಂಬಿಯಾದ ಕಾಲಿಯಾಗ ಅದರಾಗೇ ಬೆಳ್ಳಿ. ನೈರೋಬಿಯಾಗ 400ರಾಗ ನಾಲ್ಕನೇ ಪ್ಲೇಸು, ಅದನ್ನ ನೆನಸಿದ್ರ ಅಕ್ಕನ ಮಗಳಿಗೆ ಇವತ್ತಿಗೂ ಹೊಟ್ಟಿ ಉರಿತೈತಿ. ಹಂಗಾಗಿ ಕೊಪ್ಪಳದಿಂದ ಬಸ್ ಹತ್ತಿ ಬಳ್ಳಾರಿಗೆ ಹೋಗಿ ಒಂದ್ ಸ್ಪೋರ್ಟ್ಸ್ ಅಂಗಡಿಯಾಗ 2,600 ಕೊಟ್ಟು ಅಕಿಗೆ ಸ್ಪೈಕ್ಸ್ (ತಳಕ್ಕ ಮೊಳಿಯಂಥ ಪಿನ್ ಇರೋ ಓಟದ ಶೂ) ಕೊಡಿಸ್ದೆ.

ಶೂ ಬಗ್ಗೆ ಮಾತಿಲ್ಲ. ಭಾಳ ಹಗೂರ, ಮುಂಗಾಲು ಬಿಗಿ ಹಿಡಿತೈತಿ, ಎರಡು ತಿಂಗಳು ನಮ್ ಮಣ್ಣಿನ ಗ್ರೌಂಡಿನಾಗ ಈ ಕೆಟ್ಟ ಬಿಸಲಾಗ ಓಡಿದ್ರೂ ಅಂಟು ಬಿಟ್ಟಿಲ್ಲ.

ತಕರಾರು ಪಿನ್ನಿಂದು. ಅಂಗಡಿಯಾವ "ಉದ್ದ ಇದ್ರ ಗ್ರಿಪ್ ಜಾಸ್ತಿ ಅಣ್ಣಾ" ಅಂತ 12 ಮಿಮೀ ಪಿನ್ ಹಾಕಿ ಕೊಟ್ಟ, ಮಣ್ಣಿಗೆ ನಡೀತೈತಿ ಖರೆ, ಆದ್ರ ಸಿಂಥೆಟಿಕ್ ಟ್ರ್ಯಾಕಿಗೆ ರೂಲ್ಸ್ ಪ್ರಕಾರ 9 ಮಿಮೀ ಮ್ಯಾಕ್ಸಿಮಮ್, ಇದು ನನಗ ಗೊತ್ತಾಗಿದ್ದು ಮೀಟ್ ದಿನ, ಚೆಕ್ ಮಾಡೋರು ಬಿಡಲಿಲ್ಲ, ಹುಡುಗಿ ಅಳಾಕ ಶುರು, ಪಿನ್ ಬಿಚ್ಚೋ ಚಾವಿನೂ ಡಬ್ಬಿಯಾಗ ಇರಲಿಲ್ಲ, ಕಡೀಗೆ ರಾಯಚೂರು ಕಡಿ ಒಬ್ಬ ಹುಡುಗಿ ತನ್ನ ಚಾವಿ, ಸಣ್ಣ ಪಿನ್ ಎರಡೂ ಕೊಟ್ಟು ಮಾನ ಉಳಿಸಿದ್ಲು.

ಮರುವಾರ ಹೋಗಿ ಕೇಳಿದ್ರ ಪಿನ್ ಬದ್ಲಿ ಮಾಡಿಕೊಟ್ಟ, ಚಾವಿಗೆ ಮಾತ್ರ 80 ರೂಪಾಯಿ ಬ್ಯಾರೆ ತಗೊಂಡ. ಶೂಗೆ 4 ಸ್ಟಾರ್, ಅಂಗಡಿಗೆ 2.