ಕರಾವಳಿಯ ಅಂಗಳಕ್ಕೆ ಕಾಂಕ್ರೀಟೋ, ಇಂಟರ್‌ಲಾಕೋ?

ದಕ್ಷಿಣ ಕನ್ನಡದ ತೋಟದ ಮನೆಯ ಅಂಗಳಕ್ಕೆ ಕೆಲಸ ಬಹಳ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆಯನ್ನು ಅದು ಹರಿಯಬಿಡಬೇಕು, ಮಳೆ ಕಳೆದ ಮೇಲೆ ಅಡಿಕೆ ಒಣಗಿಸಲು ಒದಗಬೇಕು, ಹೇರು ತುಂಬಿದ ಪಿಕಪ್‌ನ ಚಕ್ರವನ್ನೂ ತಾಳಬೇಕು. ನಮ್ಮ ಮನೆಯ ಸುತ್ತ ಸ್ಥಳದಲ್ಲೇ ಹಾಕಿಸಿದ ಕಾಂಕ್ರೀಟ್, ಯಂತ್ರದಲ್ಲಿ ಒತ್ತಿ ಮಾಡಿದ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿಸಿ ಜೋಡಿಸುವ ಸಿಮೆಂಟ್ ಕಲ್ಲು) ಮತ್ತು ರಬ್ಬರ್ ಅಚ್ಚಿನಲ್ಲಿ ಹೊಯ್ದ ಹೊಳಪಿನ ಇಂಟರ್‌ಲಾಕ್ ಮೂರೂ ಇರುವುದರಿಂದ, ಒಂದೇ ಮಳೆ ಬಿಸಿಲಿಗೆ ಅವು ಹೇಗೆ ಬಾಳಿವೆ ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಗಿದೆ.

ಅಂಗಡಿಯಲ್ಲಿ ಕಣ್ಣು ಸೆಳೆಯುವುದು ರಬ್ಬರ್ ಅಚ್ಚಿನದೇ. ಆದರೆ ಅದರ ಹೊಳಪು ಮೇಲ್ಮೈಯ ತೆಳುವಾದ ಸಿಮೆಂಟ್ ಪದರದ್ದು. ಚಕ್ರ ತಿರುಗುವಲ್ಲಿ ಆ ಪದರ ಸವೆದು ಬಣ್ಣ ಮಾಸಿತು, ನೆರಳಿರುವಲ್ಲಿ ಆಷಾಢ ಬರುವಷ್ಟರಲ್ಲಿ ಪಾಚಿ ಹಿಡಿದು ಜಾರತೊಡಗಿತು. ವಯಸ್ಸಾದವರು ಓಡಾಡುವ ಮನೆಯಲ್ಲಿ ಇದನ್ನು ಮಾಡಿನ ಕೆಳಗಿನ ಜಾಗಕ್ಕಷ್ಟೇ ಸೀಮಿತಗೊಳಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಒತ್ತಿ ಮಾಡಿದ ಕಲ್ಲು ನೋಡಲು ಒರಟು. ಆ ಒರಟುತನವೇ ಮಳೆಗಾಲದಲ್ಲಿ ಕಾಲಿಗೆ ಹಿಡಿತ ಕೊಡುತ್ತದೆ. ಮೊದಲ ವರ್ಷ ಮೇಲೆ ಬಿಳಿಯ ಪುಡಿ ಕಾಣಿಸಿಕೊಂಡಿತು; ಸಿಮೆಂಟಿನೊಳಗಿನ ಸುಣ್ಣ ನೀರಿನೊಂದಿಗೆ ಹೊರಬಂದು ಗಾಳಿಗೆ ಗಟ್ಟಿಯಾಗುವುದರಿಂದ ಹೀಗಾಗುತ್ತದೆಯೇ ಹೊರತು ಕಲ್ಲು ಕೊಳೆಯುತ್ತಿದೆ ಎಂದಲ್ಲ, ಮತ್ತು ನಮ್ಮಲ್ಲಿ ಅದು ಕ್ರಮೇಣ ತಾನಾಗಿಯೇ ಕಡಿಮೆಯಾಯಿತು. ಇದರ ನಿಜವಾದ ದೌರ್ಬಲ್ಯವಿರುವುದು ಕಲ್ಲಿನಲ್ಲಲ್ಲ, ಸಂದಿನಲ್ಲಿ. ಇರುವೆಗಳು ಮರಳನ್ನು ಹೊರಗೆ ತೆಗೆಯುತ್ತವೆ, ಹುಲ್ಲು ಬೇರೂರುತ್ತದೆ, ಪ್ರೆಷರ್ ವಾಷರ್‌ನ ನೀರು ಉಳಿದ ಮರಳನ್ನೂ ಹಾರಿಸಿಬಿಡುತ್ತದೆ. ಹೀಗೆ ಸಂದು ಬರಿದಾದರೆ ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಟ್ಟು ಅಲುಗಾಡಲು ತೊಡಗುತ್ತವೆ. ಆದ್ದರಿಂದ ಪ್ರತಿ ಬೇಸಿಗೆಯಲ್ಲಿ ಒಣ ಮರಳು ಗುಡಿಸಿ ತುಂಬುವ ಕೆಲಸ ತಪ್ಪಿದ್ದಲ್ಲ.

ಚಕ್ರದ ದಾರಿಯಲ್ಲಿ ಇಂಟರ್‌ಲಾಕ್ ಕುಸಿಯುವುದಕ್ಕೂ ಬಹುಮಟ್ಟಿಗೆ ಕಲ್ಲು ಕಾರಣವಲ್ಲ. ಅಡಿಯಲ್ಲಿ ಜಲ್ಲಿ ಹಾಕಿ ಪದರ ಪದರವಾಗಿ ದಮ್ಮಸು ಮಾಡಿ, ಅದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಮರಳು ಹಾಸಿದ ಭಾಗ ಇಂದಿಗೂ ಮಟ್ಟವಾಗಿದೆ. ಬರಿಯ ಮಣ್ಣಿನ ಮೇಲೆ ದಪ್ಪಗೆ ಜಲ್ಲಿಹುಡಿ ಸುರಿದು ಜೋಡಿಸಿದ ತುಂಡು ಮೊದಲ ಮಳೆಗಾಲದಲ್ಲೇ ತಗ್ಗಾಯಿತು. ಅಂಚಿಗೆ ಕಾಂಕ್ರೀಟ್ ಕಟ್ಟು ಇಲ್ಲದಿದ್ದರೆ ಕೊನೆಯ ಸಾಲಿನಿಂದಲೇ ಕಲ್ಲುಗಳು ಸರಿಯತೊಡಗುತ್ತವೆ. ಗುತ್ತಿಗೆದಾರರು ಚದರ ಅಡಿಯ ದರ ಹೇಳುವಾಗ ಈ ಎರಡು ಕೆಲಸಗಳನ್ನೇ ಮೌನವಾಗಿ ಬಿಟ್ಟಿರುವುದುಂಟು, ಕೇಳಿ ತಿಳಿಯಬೇಕು.

ಅಡಿಕೆಯ ಅಂಗಳಕ್ಕೆ ಮಾತ್ರ ಕಾಂಕ್ರೀಟಿಗೆ ಸಾಟಿಯಿಲ್ಲ. ಸಂದಿಲ್ಲದ ನೆಲದಲ್ಲಿ ಗುಡಿಸುವುದೂ ಗೋರುವುದೂ ಸುಲಭ. ಬಿರುಕು ಅದರ ಕುಂದು, ಆದರೆ ಬಿರುಕು ಎಲ್ಲಿ ಬರಬೇಕೆಂಬುದನ್ನು ನಾವೇ ಬಹಳಮಟ್ಟಿಗೆ ನಿರ್ಧರಿಸಬಹುದು: ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಹಾಸಿನಲ್ಲಿ ಎಂಟು ಹತ್ತು ಅಡಿಗೊಂದರಂತೆ, ದಪ್ಪದ ಕಾಲುಭಾಗದಷ್ಟು ಆಳದ ಗೆರೆ ಕೊಯ್ಯಿಸಿದಲ್ಲಿ ಬಿರುಕು ಆ ಗೆರೆಯೊಳಗೇ ಅಡಗಿದೆ, ಗೆರೆಯಿಲ್ಲದ ಮೂಲೆಯಲ್ಲಿ ಅಡ್ಡಾದಿಡ್ಡಿ ಓಡಿದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಬಳಸಿದ್ದರೆ ಕನಿಷ್ಠ ಹತ್ತು ದಿನ ನೀರುಣಿಸಬೇಕು. ಅವಸರಪಟ್ಟರೆ ಮೇಲ್ಮೈ ದೂಳೇಳುತ್ತದೆ, ಆ ದೂಳು ಅಡಿಕೆಗೂ ಮೆತ್ತುತ್ತದೆ. ನೆಲದಡಿಯ ಪೈಪ್ ಸೋರಿದಾಗ ಮಾತ್ರ ಕಾಂಕ್ರೀಟ್ ಸೋಲುತ್ತದೆ: ಅದನ್ನು ಒಡೆದು ಹಾಕಿದ ತೇಪೆ ಎಂದೂ ಮರೆಯಾಗುವುದಿಲ್ಲ, ಇಂಟರ್‌ಲಾಕ್ ಆದರೆ ಕಲ್ಲು ಕಿತ್ತು ಮತ್ತೆ ಜೋಡಿಸಿದರಾಯಿತು. ಇಳಿಜಾರು ಎರಡಕ್ಕೂ ಒಂದೇ, ಮೀಟರಿಗೆ ಎರಡು ಸೆಂಟಿಮೀಟರ್.

ಇಂಟರ್‌ಲಾಕ್ ಕೊಳ್ಳುವವರು ಇಂತಹ ಕಲ್ಲುಗಳ ಭಾರತೀಯ ಮಾನಕವಾದ ಐಎಸ್ 15658ರ ಪರೀಕ್ಷಾ ವರದಿಯನ್ನು ಕೇಳಬೇಕು. ಕಲ್ಲು ಹೀರುವ ನೀರು ಸರಾಸರಿ ಶೇಕಡಾ 6 ಮೀರಬಾರದೆಂದು ಆ ಮಾನಕ ಹೇಳುತ್ತದೆ. ಕಾರು ನಿಲ್ಲುವಲ್ಲಿ 60 ಮಿ.ಮೀ.ಗಿಂತ ತೆಳುವಾದದ್ದು ಬೇಡ. ವರದಿ ಸಿಗದಿದ್ದರೆ ಒಂದು ಕಲ್ಲನ್ನು ಎದುರಿಗೇ ಒಡೆಸಿ ನೋಡಬಹುದು: ಬಣ್ಣದ ಪದರ ಕಾಗದದಷ್ಟು ತೆಳುವಾಗಿದ್ದರೆ, ಅಥವಾ ಒಡೆದ ಮೈಯಲ್ಲಿ ಜಲ್ಲಿ ಬೆರಳಿಗೇ ಉದುರಿ ಬಂದರೆ, ದರ ಎಷ್ಟೇ ಇಳಿಸಿದರೂ ಆ ಸರಕನ್ನು ತೆಗೆದುಕೊಳ್ಳಬಾರದು.